ಕುದುರೆಯನ್ನು ಕಟ್ಟುವುದೆಲ್ಲಿ?

ಮಾನ್ಯ ಸಂಪಾದಕರೇ,

ನಾನು ಬಳ್ಳಾರಿಯ ಕೌಲ್‌ಬಜಾರ್‌ನವನು. ನಮ್ಮಪ್ಪ ಜಟಕಾ ಹೊಡೆಯುತ್ತಿದ್ದರು. ಈಗ ನನ್ನ ಹತ್ತಿರ ಮದುವೆ ಮೆರವಣಿಗೆಗೆ ಕಳಿಸುವ ಒಂದು ಹೆಣ್ಣು ಕುದುರೆ ಇದೆ. ಮನೆ ಹಿಂದೆ ಜಾಗ ಸಾಲದು ಅಂತ ಹೋದ ವರ್ಷ ಊರಾಚೆಯ ಒಂದು ಲಾಯದಲ್ಲಿ ತಿಂಗಳ ಬಾಡಿಗೆಗೆ ಬಿಟ್ಟಿದ್ದೆ. ಅಲ್ಲಿ ಬೆಳಿಗ್ಗೆ, ಸಂಜೆ ರಾಶಿ ಹುರುಳಿ ಸುರಿದು ಸುಮ್ನೆ ಹೋಗಿಬಿಡುತ್ತಿದ್ದರು. ಮೂರನೇ ವಾರಕ್ಕೆ ಹೊಟ್ಟೆನೋವು ಬಂದು ನೆಲಕ್ಕೆ ಬಿದ್ದು ಒದ್ದಾಡಿತು. ಡಾಕ್ಟರ್ ಬರುವವರೆಗೂ ನಾನು, ನನ್ನ ಮಗ ಹಗ್ಗ ಹಿಡಿದು ನಿಧಾನಕ್ಕೆ ನಡೆಸಿದೆವು. ಕುದುರೆಯ ಜಠರ ಚಿಕ್ಕದು. ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೇಯುತ್ತಲೇ ಇರಬೇಕು.

ಮರುದಿನವೇ ಮನೆಗೆ ತಂದೆ. ಇಲ್ಲಿ ಕಷ್ಟ ಇಲ್ಲ ಅಂತಲ್ಲ. ನಮ್ಮೂರ ಬಿಸಿಲು 40 ಡಿಗ್ರಿ ದಾಟಿದಾಗ ಅದಕ್ಕೆ ದಿನಕ್ಕೆ 40 ಲೀಟರ್‌ಗಿಂತ ಜಾಸ್ತಿ ನೀರು ಬೇಕು. ನಲ್ಲಿ ಬರದ ದಿನ ಕೊಡ ಹೊರುತ್ತೇವೆ. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸಬೇಕು, ಆ ಕೆಲಸ ಬಲ್ಲವರು ಸಿಗುವುದೇ ಅಪರೂಪ. ಮನೆಯವರೆಲ್ಲ ಒಟ್ಟಿಗೆ ಪರ ಊರಿಗೆ ಹೋಗುವ ಹಾಗಿಲ್ಲ. ಕುದುರೆ ಗುಂಪಿನಲ್ಲಿ ಬದುಕುವ ಪ್ರಾಣಿ ಅಲ್ವಾ, ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ. ಜೊತೆಗಿರಲಿ ಅಂತ ಒಂದು ಮೇಕೆ ತಂದಿದ್ದೇನೆ.

ನನ್ನಂಥವರು ಇಲ್ಲಿ ಇನ್ನೂ ಇದ್ದಾರೆ. ನೆರಳು, ನೀರಿನ ತೊಟ್ಟಿ ಇರುವ ಒಂದು ಜಾಗವನ್ನು ಪಾಲಿಕೆ ಕೊಟ್ಟರೆ ನಾವೇ ಸರದಿಯಲ್ಲಿ ಮೇವು ಹಾಕಿ ನೋಡಿಕೊಳ್ಳುತ್ತೇವೆ.

– ಕುದುರೆ ಸಾಕುವ ಓದುಗ, ಕೌಲ್‌ಬಜಾರ್, ಬಳ್ಳಾರಿ