ಭಾನುವಾರ ದೋಣಿ ಕೆಲಸಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ 7ಕ್ಕೆ ನಮ್ಮ ಅಂಗಳದಲ್ಲಿ ದೋಣಿಯ ತಳಕ್ಕೆ ಎರಡನೇ ಕೋಟ್ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಹಚ್ಚೋಣ. ಬಿಸಿಲೇರಿದರೆ ಡಬ್ಬದಲ್ಲೇ ಗಟ್ಟಿಯಾಗುತ್ತದೆ, ಹಾಗಾಗಿ ತಡ ಮಾಡಬೇಡಿ. ಒಂದು ಸಲಕ್ಕೆ ಸ್ವಲ್ಪವೇ ಕಲಸಿ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಕೈಗವಸು ಮರೆಯಬೇಡಿ.

ಮೊದಲ ಕೋಟಿನ ಮೇಲೆ ಮೇಣದಂಥ ಜಿಡ್ಡು ಕೂತಿದೆ. ಬೆರಳಿಟ್ಟರೆ ಜಾರುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಹೀಗಾಗುತ್ತದೆ, ಗಾಬರಿ ಬೇಡ. ಆದರೆ ಸುಮ್ನೆ ಸ್ಯಾಂಡ್ ಪೇಪರ್ ಹಾಕಬೇಡಿ, ಜಿಡ್ಡು ಎಲ್ಲ ಕಡೆ ಹರಡುತ್ತದೆ. ಮೊದಲು ನೀರಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಆಮೇಲೆ ಉಜ್ಜೋಣ.

ಪ್ಲೈವುಡ್ ತರುವವರು ಐಎಸ್ 710 (ದೋಣಿಗೆ ಆಗುವ ಮರೀನ್ ಪ್ಲೈವುಡ್ಡಿನ ಮಾನದಂಡ) ಮುದ್ರೆ ನೋಡಿಯೇ ತನ್ನಿ. ತಂದ ಮೇಲೂ ಒಂದು ತುಂಡು ಕುದಿಸಿ ನೋಡಬೇಕು. ಹೋದ ಸಲ ನಾನು ಕುದಿಸಿದ ತುಂಡು ನೆನೆದ ಪುಸ್ತಕದ ಹಾಗೆ ಪದರ ಪದರ ಬಿಟ್ಟುಕೊಂಡಿತ್ತು. ನಮ್ಮ ಮಕ್ಕಳು ಕೂರುವ ದೋಣಿ ಅಲ್ವಾ!

ಇನ್ನು ಮೋಟಾರು. ಕೊಡುತ್ತೇನೆಂದವರು ಶಾಫ್ಟ್ (ಮೋಟಾರಿನಿಂದ ನೀರಿಗಿಳಿಯುವ ಕಾಲು) ಅಳತೆಯನ್ನು ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಗಿಡ್ಡ ಶಾಫ್ಟಾದರೆ ಮೋಟಾರು ಕೂರಿಸುವ ಹಿಂದಿನ ಹಲಗೆ ಸುಮಾರು 15 ಇಂಚು ಎತ್ತರ, ಉದ್ದದ್ದಾದರೆ 20. ಹಲಗೆ ಜಾಸ್ತಿ ಎತ್ತರವಾದರೆ ದೋಣಿ ತಳ್ಳುವ ಮೋಟಾರಿನ ಫ್ಯಾನು ಗಾಳಿ ಎಳೆದುಕೊಂಡು ತಿರುಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಅಳತೆ ಬರುವವರೆಗೆ ಆ ಹಲಗೆಗೆ ಗರಗಸ ಹಾಕುವುದಿಲ್ಲ.