ನಾಲ್ಕರಿಂದ ಎಂಟೂವರೆವರೆಗೆ ಒಂದು ಬಾಗಿಲು: ದೇಣಿಗೆ ಮನವಿ

ಆತ್ಮೀಯರೇ,

ಸರ್ಕಾರಿ ಶಾಲೆ ಬಿಡುವುದು ಸಂಜೆ ನಾಲ್ಕು ದಾಟಿದ ಮೇಲೆ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋದ ಅಮ್ಮ ಮನೆ ಸೇರುವುದು ಏಳಕ್ಕೆ, ಓಟಿ ಇದ್ದರೆ ಎಂಟೂವರೆಗೆ. ಗಾರೆ ಕೆಲಸದ ಅಪ್ಪ ಯಾವಾಗ ಬರುತ್ತಾನೋ ಹೇಳೋಕಾಗಲ್ಲ. ಅಲ್ಲಿಯವರೆಗೆ ಹದಿಮೂರು ಹದಿನಾಲ್ಕರ ಹುಡುಗ ಎಲ್ಲಿರಬೇಕು? ನಮ್ಮ ಟ್ರಸ್ಟ್ ನಿಮ್ಮ ಮುಂದೆ ಬಂದಿರುವುದು ಇದೊಂದೇ ಕಾರಣಕ್ಕೆ.

ಮನೆಯಲ್ಲೇ ಇರಲಿ ಅನ್ನಬಹುದು. ಹತ್ತಡಿ ಹತ್ತಡಿಯ ಶೀಟ್ ಮನೆ, ಬೇಸಿಗೆಯಲ್ಲಿ ಒಳಗೆ ಕೂರೋಕಾಗಲ್ಲ. ಪಾರ್ಕಿಗೆ ಹೋದರೆ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಬೋರ್ಡು. ಖಾಲಿ ಸೈಟುಗಳಿಗೆಲ್ಲ ಕಾಂಪೌಂಡ್ ಎದ್ದಿದೆ. ಟರ್ಫ್‌ನಲ್ಲಿ ಆಡಲು ದುಡ್ಡು ಬೇಕು. ಕೊನೆಗೆ ಉಳಿಯುವುದು ಅರ್ಧ ಕಟ್ಟಿ ಬಿಟ್ಟ ಬಿಲ್ಡಿಂಗಿನ ಬೇಸ್‌ಮೆಂಟು. ಅಲ್ಲಿ ಪಂಕ್ಚರ್ ಹಾಕುವ ಸಲ್ಯೂಷನ್ ಟ್ಯೂಬು, ನಶೆಗೆ ಅದನ್ನು ಮೂಸಲು ಒಂದು ಕರ್ಚೀಫು, ಜೊತೆಗೆ ಇಪ್ಪತ್ತೈದರ ಒಬ್ಬ ‘ಅಣ್ಣ’. ಆ ಅಣ್ಣ ಬೈಯಲ್ಲ. ಎಗ್ ರೈಸ್ ಕೊಡಿಸುತ್ತಾನೆ. ಬೈಕಿನಲ್ಲಿ ಒಂದು ರೌಂಡ್ ಹೊಡೆಸುತ್ತಾನೆ. ತಿಂಗಳು ಕಳೆದ ಮೇಲೆ, ‘ಈ ಪೊಟ್ಟಣ ಆ ಟೀ ಅಂಗಡಿ ಹತ್ರ ಕೊಟ್ಟು ಬಾರೋ’ ಅನ್ನುತ್ತಾನೆ. ಸಿಕ್ಕಿಬೀಳುವವನು ಹುಡುಗ. ಮಕ್ಕಳನ್ನು ಹೀಗೆ ಬಳಸಿಕೊಂಡ ದೊಡ್ಡವರಿಗೆ 2015ರ ಬಾಲ ನ್ಯಾಯ ಕಾಯ್ದೆಯ 83ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ ಇದೆ. ಆದರೆ ಅಣ್ಣನ ಹೆಸರು ಹುಡುಗನ ಬಾಯಿಂದ ಬರಬೇಕಲ್ಲ! ಅವನು ನಾಳೆಯೂ ಅದೇ ಗಲ್ಲಿಯಲ್ಲಿ ಓಡಾಡಬೇಕು.

ದೇಣಿಗೆ ಕೇಳಲು ಹೋದಾಗ ‘ಆ ಏರಿಯಾ ಜನಾನೇ ಹಾಗೆ, ಬಿಡಿ’ ಅಂದವರಿದ್ದಾರೆ. ಅವರಿಗೆ ಚಿಕಾಗೋ ಕಥೆ ಹೇಳುತ್ತೇವೆ. ಸುಮಾರು ನೂರು ವರ್ಷದ ಹಿಂದೆ ಅಲ್ಲಿ ಕ್ಲಿಫರ್ಡ್ ಶಾ, ಹೆನ್ರಿ ಮೆಕೆ ಎಂಬಿಬ್ಬರು ಸಮಾಜಶಾಸ್ತ್ರಜ್ಞರು ಕೋರ್ಟಿಗೆ ಬಂದ ಹುಡುಗರ ಮನೆಗಳನ್ನು ಊರಿನ ಮ್ಯಾಪಿನ ಮೇಲೆ ಗುರುತು ಹಾಕಿದರು. ಕಾರ್ಖಾನೆಗಳ ಪಕ್ಕದ ಹಳೆಯ, ಬಡ ಬೀದಿಗಳಲ್ಲೇ ಚುಕ್ಕೆ ಜಾಸ್ತಿ. ಅಲ್ಲಿ ಮೊದಲು ಜರ್ಮನ್ನರು, ಐರಿಷ್ ಜನ ಇದ್ದರು. ಅವರು ಹೋದರು, ಪೋಲೆಂಡ್ ಮತ್ತು ಇಟಲಿಯವರು ಬಂದರು. ಜನ ಬದಲಾದರೂ ಚುಕ್ಕೆಗಳು ಅದೇ ಬೀದಿಯಲ್ಲಿ! ಹಾಗಾದರೆ ತಪ್ಪು ಜನರದ್ದೋ, ಜಾಗದ್ದೋ? 1930ರ ದಶಕದಲ್ಲಿ ಶಾ ಅಲ್ಲಿನ ನಿವಾಸಿಗಳನ್ನೇ ಸೇರಿಸಿಕೊಂಡು ಮಕ್ಕಳಿಗೆ ಆಟ, ಕ್ಯಾಂಪು ಶುರುಮಾಡಿದರು.

ನಾವು ಮಾಡುತ್ತಿರುವುದೂ ಅದನ್ನೇ, ಚಿಕ್ಕದಾಗಿ. ಬಾಡಿಗೆಯ ಒಂದು ಹಾಲ್, ಕೇರಂ ಬೋರ್ಡುಗಳು, ಹೋಂವರ್ಕ್ ಮಾಡಿಸಲು ಅದೇ ಬೀದಿಯ ಡಿಗ್ರಿ ಓದುವ ಹುಡುಗಿ. ತಿಂಡಿ ಮೊದಲು, ಪಾಠ ಆಮೇಲೆ. ಮಧ್ಯಾಹ್ನದ ಬಿಸಿಯೂಟ ಅಷ್ಟೊತ್ತಿಗೆ ಕರಗಿ ಹೋಗಿರುತ್ತದೆ, ಅಲ್ವಾ? ಚಿತ್ರಾನ್ನದ ವಾಸನೆಗೆ ಬಂದವರೇ ಗಣಿತಕ್ಕೂ ಕೂರುತ್ತಾರೆ.

ಕೇಸಾದ ಹುಡುಗರ ಜೊತೆ ಬಾಲ ನ್ಯಾಯ ಮಂಡಳಿಗೆ ಹೋಗುವುದು ಇನ್ನೊಂದು ಕೆಲಸ. ಅಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರೂ ಕೂರುತ್ತಾರೆ, ಮಾತಾಡಿಸಿ ಕೇಳುತ್ತಾರೆ. ಆದರೆ ತಾರೀಕು ಬಿದ್ದ ದಿನ ಅಮ್ಮನ ಸಂಬಳ ಕಟ್. ಬಸ್ಸು ಅಮ್ಮನಿಗೆ ಫ್ರೀ, ಮಗನಿಗಲ್ಲ. ಎರಡು ಸಲ ತಾರೀಕು ತಪ್ಪಿಸಿಕೊಂಡರೆ ಸಣ್ಣ ಕೇಸೂ ಸುಮ್ನೆ ಎಳೆಯುತ್ತದೆ. ಅದಕ್ಕೇ ನಮ್ಮವರೊಬ್ಬರು ಜೊತೆಗಿರುತ್ತಾರೆ.

ಈ ಮಕ್ಕಳ ಫೋಟೋ ಕೇಳಬೇಡಿ. ಗುರುತು ಹೊರಗೆ ಬರಬಾರದು ಅಂತ ಅದೇ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇದೆ. ಕಾನೂನು ಇಲ್ಲದಿದ್ದರೂ ನಾವು ಕೊಡುತ್ತಿರಲಿಲ್ಲ. ಲೆಕ್ಕದ ಪುಸ್ತಕ ಮಾತ್ರ ಯಾರು ಬಂದು ಕೇಳಿದರೂ ತೋರಿಸುತ್ತೇವೆ.

ಒಂದು ಮಗುವಿನ ತಿಂಗಳ ತಿಂಡಿಗೆ 600 ರೂಪಾಯಿ. ಹಾಲ್‌ನ ಬಾಡಿಗೆ ತಿಂಗಳಿಗೆ 18,000. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುತ್ತಿದೆ, ಬಾಡಿಗೆ ಏರುತ್ತದೆ. ಒಂದು ದಿನದ ತಿಂಡಿಯಾದರೂ ಸರಿ, ಇಡೀ ತಿಂಗಳ ಬಾಡಿಗೆಯಾದರೂ ಸರಿ, ಕೈಲಾದಷ್ಟು ಕೊಡಿ. ತೆರಿಗೆ ವಿನಾಯಿತಿಯ ರಸೀದಿ ಕೊಡುತ್ತೇವೆ. ಆದರೆ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ಲಾಭ ಸಿಗಲ್ಲ, ಮೊದಲೇ ಹೇಳಿಬಿಡುತ್ತೇವೆ.

ದುಡ್ಡು ಕಷ್ಟವಾದರೆ ವಾರಕ್ಕೊಂದು ಸಂಜೆ ಬನ್ನಿ. ಬೈಯದ ಅಣ್ಣಂದಿರು ನಮಗೂ ಬೇಕಾಗಿದ್ದಾರೆ. ಕೇರಂ ಬರದಿದ್ದರೆ ಪರವಾಗಿಲ್ಲ, ಹುಡುಗರು ಕಲಿಸುತ್ತಾರೆ.

ಇಂತಿ,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ