ನಾಲ್ಕು ಜನರ ಟ್ಯೂಬು, ಇಬ್ಬರ ಹಗ್ಗ: ಒಂದು ದೂರು

ಇಂದ: ಬೋಟ್ ಮಾಲೀಕ, ಶರಾವತಿ ಹಿನ್ನೀರು, ಹೊನ್ನಾವರ
ಗೆ: ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
ವಿಷಯ: ಬೋಟಿಗೆ ಕಟ್ಟಿ ಎಳೆಯುವ ಗಾಳಿ ಟ್ಯೂಬ್ ಹರಿದದ್ದು, ಹಣ ವಾಪಸ್ ಬೇಕಾದ್ದು

ಮಾನ್ಯರೇ,

ಫೆಬ್ರವರಿಯಲ್ಲಿ ನಿಮ್ಮಿಂದ 24,500 ರೂಪಾಯಿಗೆ ನಾಲ್ಕು ಜನರ ಟ್ಯೂಬ್ ತರಿಸಿಕೊಂಡೆ. ಏಪ್ರಿಲ್‌ನಲ್ಲಿ ಅದು ನೀರಿನ ಮಧ್ಯದಲ್ಲೇ ಹರಿಯಿತು. ದೂರು ಕೊಟ್ಟರೆ ನಿಮ್ಮವರ ಉತ್ತರ ಒಂದೇ ಸಾಲು: "ಗಾಳಿ ಜಾಸ್ತಿ ತುಂಬಿದ್ದೀರಿ, ವಾರಂಟಿ ಬರುವುದಿಲ್ಲ." ನಾನು ಕಳಿಸಿದ ಫೋಟೋ ತೆರೆದು ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಹರಿದದ್ದು ಒಳಗಿನ ಬ್ಲ್ಯಾಡರ್ (ಗಾಳಿ ತುಂಬುವ ಚೀಲ) ಅಲ್ಲ, ಮೇಲಿನ ಬಟ್ಟೆ. ಅದೂ ಹಗ್ಗ ಸಿಕ್ಕಿಸುವ ಪಟ್ಟಿಯ ಬುಡದಲ್ಲಿ. ಸೂಜಿಯ ತೂತುಗಳು ಸಾಲಾಗಿ ಹಾಗೇ ಉಳಿದಿವೆ, ದಾರ ಕಿತ್ತು ಬಂದಿದೆ. ಬೋಟಿನ ಎಳೆತ ಪೂರ್ತಿ ಬೀಳುವ ಜಾಗ ಅದು. ಅಲ್ಲಿ ಕೆಳಗಡೆ ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲಿದೇ ಇಲ್ಲ. ಬಟ್ಟೆ ಬಾಯಿಬಿಟ್ಟ ಕಡೆಯಿಂದ ಬ್ಲ್ಯಾಡರ್ ಹಲಸಿನ ತೊಳೆ ಹಾಗೆ ಹೊರಗೆ ಬಂತು. ಆದರೆ ಒಡೆಯಲಿಲ್ಲ. ಅದಕ್ಕೆ ಗಾಳಿ ತುಂಬಿ ಮನೆಯ ಜಗಲಿಯಲ್ಲಿ ಇಟ್ಟಿದ್ದೇನೆ, ಇನ್ನೂ ಇಳಿದಿಲ್ಲ. ಗಾಳಿ ಜಾಸ್ತಿಯಾದರೆ ಬಟ್ಟೆ ಸುತ್ತಲೂ ಬಿಗಿಯುತ್ತದೆ. ಆಗ ಜಿಪ್ಪೋ, ಉದ್ದದ ಹೊಲಿಗೆಯೋ ಬಿಡಬೇಕಿತ್ತು. ಅವೆರಡೂ ಗಟ್ಟಿಯಾಗಿವೆ. ಹಗ್ಗದ ಜಾಗ ಮಾತ್ರ ಯಾಕೆ ಹೋಯಿತು ಸ್ವಾಮಿ?

ಗಾಳಿಯ ವಿಷಯ ಬಂತು, ಹೇಳಿಬಿಡುತ್ತೇನೆ. ಬಟ್ಟೆಯ ಸುಕ್ಕು ಹೋಗುವವರೆಗೆ ತುಂಬುತ್ತೇನೆ. ಮೇಲೆ ಮಂಡಿಯೂರಿದರೆ ಸ್ವಲ್ಪ ಮಾತ್ರ ತಗ್ಗಬೇಕು. ಕಡಿಮೆ ತುಂಬಿದರೆ ಟ್ಯೂಬ್ ನೀರಿನಲ್ಲಿ ಮಡಚಿಕೊಂಡು ಕೂರುತ್ತದೆ, ಎಳೆತ ಇನ್ನೂ ಜಾಸ್ತಿಯಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಅದಕ್ಕೇ ಮಧ್ಯಾಹ್ನ ವಾಲ್ವ್ ತೆಗೆದು ಸ್ವಲ್ಪ ಬಿಡುತ್ತೇನೆ. ಸಂಜೆ ಬಾವಿ ನೀರಿನಲ್ಲಿ ಉಪ್ಪು ತೊಳೆದು ನೆರಳಿನಲ್ಲಿ ಒಣಹಾಕುತ್ತೇನೆ. ದಡದ ಚಿಪ್ಪುಗಳ ಮೇಲೆ ಎಳೆಯುವುದಿಲ್ಲ, ಇಬ್ಬರು ಹೊತ್ತೇ ತರುತ್ತೇವೆ. ಇದರಿಂದಲೇ ಹೊಟ್ಟೆ ಹೊರೆಯುವವನು ನಾನು, ಸುಮ್ನೆ ಬಿಸಾಡಿ ಇಡುತ್ತೇನಾ?

ಅವತ್ತು ಮೇಲೆ ಕೂತವರು ಮೂರೇ ಜನ, ಶಿರಸಿಯವರು. ಇಂಥ ಟ್ಯೂಬಿಗೆ ದೊಡ್ಡವರಿದ್ದರೆ ಗಂಟೆಗೆ 32 ಕಿಲೋಮೀಟರ್, ಮಕ್ಕಳಿದ್ದರೆ 24 ದಾಟಬಾರದು ಅನ್ನುತ್ತಾರೆ. ನನ್ನ ಬೋಟು 20ರ ಆಸುಪಾಸಿನಲ್ಲಿತ್ತು. ನದಿ ಸಮುದ್ರ ಸೇರುವ ಅಳಿವೆಯ ಕಡೆ ಹೋಗಿರಲಿಲ್ಲ, ಉಪ್ಪುನೀರಿನ ಕಾಂಡ್ಲಾ ಗಿಡಗಳ ಈಚೆ, ನೀರು ಶಾಂತವಾಗಿರುವ ಕಡೆಯೇ ಇದ್ದೆವು. ಪಟ್ಟಿ ಕಿತ್ತ ಕೂಡಲೇ ಮೂವರೂ ನೀರಿಗೆ ಬಿದ್ದರು. ಲೈಫ್ ಜಾಕೆಟ್ ಇತ್ತು, ಯಾರಿಗೂ ಪೆಟ್ಟಾಗಲಿಲ್ಲ. ಬೋಟಿಗೆ ಹತ್ತಿದ ಮೇಲೆ ಅಕ್ಕನೊಬ್ಬರು ಕೇಳಿದರು: "ನಾಲ್ಕು ಜನರದ್ದು ಅಂತ ಬರೆದಿದೆಯಲ್ಲ ಅಣ್ಣ, ನಾವು ಮೂರೇ ಜನ ಇದ್ವಲ್ಲ?" ಇದಕ್ಕೆ ಉತ್ತರ ನೀವು ಕೊಡಬೇಕು.

ಯಾಕೆಂದರೆ ನೀವೇ ಕಳಿಸಿದ ಹಗ್ಗದ ಚೀಟಿಯಲ್ಲಿ, ಅದು ತಡೆಯುವ ಎಳೆತ 2,375 ಪೌಂಡ್ ಎಂದಿದೆ. ಅಂದರೆ ಸುಮಾರು 1,077 ಕೆ.ಜಿ. ಅದು ಇಬ್ಬರು ಕೂರುವ ಟ್ಯೂಬಿನ ಹಗ್ಗ. ನಾಲ್ವರಿಗೆ 4,100 ಪೌಂಡಿನ ಹಗ್ಗ ಬೇಕು ಎಂಬುದು ಈ ಸಾಮಾನು ಮಾರುವ ಎಲ್ಲರಿಗೂ ಗೊತ್ತು. ನಾನು ನಿಮ್ಮ ಹಗ್ಗ ಮೂಲೆಗಿಟ್ಟು ನನ್ನ ನಾಲ್ವರ ಹಗ್ಗವನ್ನೇ ಕಟ್ಟಿದ್ದೆ. ಹಗ್ಗ ತಡೆಯಿತು, ನಿಮ್ಮ ಹೊಲಿಗೆ ತಡೆಯಲಿಲ್ಲ. ಬಟ್ಟೆಯದ್ದೂ ಇದೇ ಕಥೆ. ಮಾರುವಾಗ 840 ಡೆನಿಯರ್ ನೈಲಾನ್ ಎಂದಿರಿ (ಡೆನಿಯರ್ ಅಂದರೆ ನೂಲಿನ ದಪ್ಪದ ಅಳತೆ, ಜಾಸ್ತಿ ಇದ್ದಷ್ಟೂ ದಪ್ಪ). ಜಿಪ್ಪಿನ ಒಳಗಿನ ಚೀಟಿಯಲ್ಲಿ 420 ಎಂದಿದೆ. ಅಲ್ಲಿ ಯಾರೂ ಇಣುಕುವುದಿಲ್ಲ ಅಂದುಕೊಂಡಿರೋ ಏನೋ. ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ಹೆಸರೂ ಇಲ್ಲ.

ನನಗೆ ಬೇಕಾದ್ದು ಇಷ್ಟು. ಬಿಲ್ಲಿನ ಪೂರ್ತಿ ಹಣ ವಾಪಸ್ ಕೊಡಿ. ಇದೇ ಟ್ಯೂಬ್ ಕೊಂಡ ಉಳಿದವರಿಗೆ, ಮೂರು ನಾಲ್ಕು ಜನರನ್ನು ಕೂರಿಸಬೇಡಿ ಎಂದು ತಿಳಿಸಿ. ಮೇ ರಜೆ ಶುರುವಾಗಿದೆ, ಎಷ್ಟು ಕಡೆ ಮಕ್ಕಳನ್ನು ಇದರ ಮೇಲೆ ಕೂರಿಸಿ ಎಳೆಯುತ್ತಿದ್ದಾರೋ.

15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. "ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ" ಎಂದು ನಿಮ್ಮ ವಕೀಲರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಜೀವನ ಮಾಡಲು ಕೊಂಡವನೂ ಗ್ರಾಹಕನೇ ಎಂದಿದೆ. ಬೋಟ್ ಓಡಿಸುವವನೂ ನಾನೇ, ಟ್ಯೂಬ್ ತೊಳೆಯುವವನೂ ನಾನೇ.

ಹರಿದ ಬಟ್ಟೆ, ಬ್ಲ್ಯಾಡರ್, ನಿಮ್ಮ ಹಗ್ಗ, ಎರಡೂ ಚೀಟಿ ಹಾಗೇ ಇಟ್ಟಿದ್ದೇನೆ. ನಿಮ್ಮವರು ಬಂದು ನೋಡಬಹುದು. ಮೂಲ ವಸ್ತುಗಳನ್ನು ಮಾತ್ರ ಕೊರಿಯರ್‌ನಲ್ಲಿ ಕಳಿಸುವುದಿಲ್ಲ. ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಕೊಡುತ್ತೇವೆ ಎಂದು ಮತ್ತೆ ಮೆಸೇಜ್ ಮಾಡಬೇಡಿ.

ಇತಿ,
ನಿಮ್ಮ ಗ್ರಾಹಕ
ಹೊನ್ನಾವರ, ಉತ್ತರ ಕನ್ನಡ

ಜೊತೆಗೆ: ಬಿಲ್ಲಿನ ಪ್ರತಿ, ಹೊಲಿಗೆ ಮತ್ತು ಚೀಟಿಗಳ ಫೋಟೋ